ಡೆಕ್ಕಿನ ಅಡಿಯಲ್ಲಿ

ಕೆಳಗೆ ಊಟಕ್ಕೆ ಕೂರುವವರ ಮೇಲೆ ಮಳೆ ಸೋರದಿರಲೆಂದು ಕ್ಲೈವ್ ತಾನೇ, ಮನೆಯ ಮೇಲಂತಸ್ತಿಗೆ ಅಂಟಿಸಿ ಕಟ್ಟಿದ್ದ ಮರದ ಹಲಗೆಗಳ ಡೆಕ್ಕಿನ ಅಡಿಗೆ ತಗಡಿನ ಚಾವಣಿ ಹೊಡೆಯುತ್ತಿದ್ದ. ಡೆಕ್ಕನ್ನು ಗೋಡೆಗೆ ಕಚ್ಚಿಸಿದ್ದ ತೊಲೆಗೆ ಕೊನೆಯ ತಗಡಿನ ಸ್ಕ್ರೂ ತಿರುಗಿಸಿದಾಗ, ಅದು ನೆನೆದ ಬಿಸ್ಕತ್ತಿನೊಳಗೆ ಇಳಿದಂತೆ ಇಳಿದುಹೋಯಿತು. ಬೆರಳಿಟ್ಟರೆ ಮರ ಪುಡಿಪುಡಿಯಾಗಿ ಉದುರಿತು. ಮೇಲೆ ಅತ್ತೆಯ ಹುಟ್ಟುಹಬ್ಬಕ್ಕೆ ಬಂದವರೆಲ್ಲ ಕುಣಿಯುತ್ತಿದ್ದರು.

"ಏನಪ್ಪಾ ಮೇಸ್ತ್ರಿ, ಈ ಕ್ರಿಸ್‌ಮಸ್ಸಿಗಾದ್ರೂ ಮುಗಿಯುತ್ತಾ?" ಹೆಂಡತಿಯ ಅಣ್ಣ ಡೆಸ್ಮಂಡ್ ಮೇಲಿನಿಂದ ಕೆಣಕಿದ.

ಹೆದರಿಸಿದರೆ ಎಲ್ಲರೂ ಒಟ್ಟಿಗೇ ಬಾಗಿಲಿಗೆ ನುಗ್ಗುತ್ತಾರೆ, ಡೆಕ್ ಕುಸಿಯುತ್ತದೆ. ಕ್ಲೈವ್ ಹೆಂಡತಿಯನ್ನು ಕರೆದ. "ಮರ್ಲೀನ್, ಕೇಕ್ ಒಳಗೇ ಕಟ್ ಮಾಡೋಣ ಕಣೇ. ಮೊದ್ಲು ಅಮ್ಮನ್ನ ಕರ್ಕೊಂಡು ಹೋಗು. ಉಳಿದೋರು ಒಬ್ಬೊಬ್ರೇ, ನಿಧಾನಕ್ಕೆ."

ಮರ್ಲೀನ್ ಅಮ್ಮನ ಕೈ ಹಿಡಿದು ಒಳಗೆ ನಡೆದಳು. ಹಾಡು ನಿಂತಿತು. ಹೆಜ್ಜೆಗಳು ಒಂದೊಂದಾಗಿ ತಲೆಯ ಮೇಲೆ ಹಾದು ಮನೆಯೊಳಗೆ ಸೇರತೊಡಗಿದವು. ತೊಲೆ ಕಿರುಗುಟ್ಟಿತು. ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ಕ್ಲೈವ್ ಅದಕ್ಕೆ ಭುಜ ಕೊಟ್ಟು ನಿಂತ.

ಇನ್ನಷ್ಟು ಕೆಣಕಲೆಂದು ಮೆಟ್ಟಿಲಿಳಿದು ಬಂದ ಡೆಸ್ಮಂಡ್ ತೊಲೆಯನ್ನು ನೋಡಿ ಬಿಳಿಚಿಕೊಂಡ. "ಹುಚ್ಚಾ, ಈಚೆ ಬಾರೋ!"

"ಅವರೆಲ್ಲ ಒಳಗೆ ಹೋಗ್ಲಿ."

ಡೆಸ್ಮಂಡ್ ಅವನ ಪಕ್ಕದಲ್ಲಿ ತನ್ನ ಭುಜವನ್ನೂ ಕೊಟ್ಟ.

"ಎಲ್ಲಾ ಒಳಗಿದ್ದೀವಿ!" ಎಂದು ಮರ್ಲೀನ್ ಕೂಗಿದ್ದೇ ತಡ, ಇಬ್ಬರೂ ಹುಲ್ಲಿನ ಮೇಲೆ ಹಾರಿ ಬಿದ್ದರು. ಬೆನ್ನ ಹಿಂದೆ ಡೆಕ್ ಗೋಡೆ ಬಿಟ್ಟು ಕುಸಿಯಿತು. ಧೂಳು ಕೂತ ಮೇಲೂ ಡೆಸ್ಮಂಡ್ ಕ್ಲೈವ್‌ನ ತೋಳು ಬಿಡಲಿಲ್ಲ.