ಕೊಕ್ಕೆಬೆರಳು

ಒಂದೂರಲ್ಲಿ ಒಬ್ಬ ಅಜ್ಜಿ, ಆ ಅಜ್ಜಿಗೊಂದು ಸೊಟ್ಟ ಕಿರುಬೆರಳು ಇತ್ತಂತೆ. ಆ ಬೆರಳನ್ನೇ ಇವತ್ತು ನಿಘಂಟು ಕಚೇರಿಯ ಸಂಪಾದಕರು, ಯಾರದೆಂದು ಗೊತ್ತಿಲ್ಲದೆ, ಅಣಕಿಸಿದರು. ಅಲ್ಲೇ ಕರಡು ತಿದ್ದುವ ಆ ಅಜ್ಜಿಯ ಮೊಮ್ಮಗಳ ಮೇಜಿನ ಮುಂದೆ ನಿಂತು ತಮ್ಮ ಕಿರುಬೆರಳನ್ನು ಮಡಚಿ ಆಡಿಸುತ್ತ ನಕ್ಕರು. “ಈ ಪದಕ್ಕೆ ಇಷ್ಟೊತ್ತು ಬೇಕೇನಮ್ಮಾ? ಕೊಕ್ಕೆಬೆರಳು ಅಂದ್ರೆ ಕೆಲಸಕ್ಕೆ ಬಾರದವನು. ಹೀಗೆ ತೋರಿಸಿದ್ರೆ ಮಗುವಿಗೂ ಅರ್ಥ ಆಗುತ್ತೆ. ಪುಟ ಅಚ್ಚಿಗೆ ಕಳಿಸು.”

ಕರಡಿನಲ್ಲಿ ಅರ್ಥದ ಪಕ್ಕ ‘ಮೂಲ ತಿಳಿಯದು’ ಎಂದಿತ್ತು. ಅವಳಿಗೆ ಮೈಯೆಲ್ಲ ಉರಿಯಿತು. ತಿಳಿಯದೆ ಏನು? ಐವತ್ತು ವರ್ಷ ಮೇಣದ ದಾರ ಸುತ್ತಿಕೊಂಡು, ಜಗ್ಗಿ ಜಗ್ಗಿ ಚಪ್ಪಲಿ ಹೊಲಿದು ಬಾಗಿದ ಅಜ್ಜಿಯ ಬೆರಳು ಅದು. ಅಜ್ಜಿಯ ಬೀದಿಯಲ್ಲಿ ಚಪ್ಪಲಿ ಹೊಲಿಯುವವರೆಲ್ಲರ ಬೆರಳೂ ಹಾಗೆಯೇ. ಹೊಲಿಸಿಕೊಂಡವರು ಬೀದಿ ದಾಟುವ ಮೊದಲೇ ಆ ಬೆರಳನ್ನು ಅಣಕಿಸಿದರು, ಅಣಕವೇ ಬೈಗುಳವಾಯಿತು. ಈ ಕಥೆ ಹೇಳಿ ಮುಗಿಸಿದಾಗಲೆಲ್ಲ ಅಜ್ಜಿ, “ಬೈಗುಳ ಅಳಿಸೋಕಾಗಲ್ಲ ಕಣೇ. ಯಾರ ಬೆರಳು ಅಂತಾದ್ರೂ ಬರಿ” ಎಂದು ಮೊಮ್ಮಗಳಿಂದ ಭಾಷೆ ತೆಗೆದುಕೊಳ್ಳುತ್ತಿದ್ದಳು.

ಅವಳು ‘ಮೂಲ ತಿಳಿಯದು’ ಎಂಬುದನ್ನು ಹೊಡೆದುಹಾಕಿ, “ಇದು ಚಪ್ಪಲಿ ಹೊಲೀತಿದ್ದ ನಮ್ಮಜ್ಜಿಯ ಬೆರಳು, ಸರ್” ಎಂದಳು.

“ಏಯ್, ಅಜ್ಜಿಕಥೇನೆಲ್ಲ ನಿಘಂಟಿಗೆ ತುರುಕಬೇಡ! ಆಧಾರ ಎಲ್ಲಿದೆ?” ಎಂದು ಸಂಪಾದಕರು ಗದರಿದರು.

“ನಿಮ್ಮ ಕಾಲಲ್ಲೇ ಇದೆ, ಸರ್. ಆ ಬೂಟಿಗೆ ಹೊಲಿಗೆ ಹಾಕಿದ್ದು ನೆಟ್ಟಗಿರೋ ಬೆರಳು ಅಂದ್ಕೊಂಡ್ರಾ?”

ಸಂಪಾದಕರು ತಮ್ಮ ಬೂಟಿನತ್ತ ಬಗ್ಗಿ ನೋಡಿದರು. ಮಡಚಿದ್ದ ಬೆರಳು ತಾನಾಗಿ ನೆಟ್ಟಗಾಯಿತು. ಅವಳು ಕೆಂಪು ಶಾಯಿಯಲ್ಲಿ, ‘ಚಪ್ಪಲಿ ಹೊಲಿಯುವವರ ಬೆರಳು, ದಾರ ಬಿಗಿದು ಬಿಗಿದು ಬಾಗಿದ್ದು. ಅದನ್ನು ಅಣಕಿಸಿದ್ದರಿಂದ ಬಂದ ಬೈಗುಳ’ ಎಂದು ಬರೆದು, ಪುಟವನ್ನು ಅಚ್ಚಿಗೆ ಹೋಗುವ ತಟ್ಟೆಯಲ್ಲಿಟ್ಟಳು.