ಸಡಿಲ ತಂತಿ

"ತಂತೀನ ಎಷ್ಟು ಸಡಿಲ ಬಿಟ್ಟಿದ್ದಾನೆ ನೋಡೇ! ಬಿಗಿ ಮಾಡ್ಕೊಳ್ಳೋಕೂ ಬರಲ್ಲ, ಪಾಪ," ಎಂದು ಜಲಜಾಕ್ಷಮ್ಮ ಮೊಮ್ಮಗಳು ಮಂಜರಿಯ ಕಿವಿಯಲ್ಲಿ ಹೇಳಿ ನಕ್ಕರು. ಅಮೆರಿಕದ ಎಡಿಸನ್ ಊರಿನಲ್ಲಿ ಅವರ ಪಕ್ಕದ ಮನೆಯ ಲಿಯಾನ್, ಲೂಯಿಸಿಯಾನಾದಲ್ಲಿ ಅಲ್ಲಿನ ಕೇಜನ್ ಜನಪದ ಹಾಡುಗಳಿಗೆ ಫಿಡಲ್, ಅಂದರೆ ಪಿಟೀಲು, ನುಡಿಸುತ್ತಿದ್ದ ತಮ್ಮ ತಾತನ ತೊಂಬತ್ತು ವರ್ಷ ಹಳೆಯ ರೆಕಾರ್ಡನ್ನು ಫೋನಿನಲ್ಲಿ ಕೇಳಿಸುತ್ತಿದ್ದರು. ಮೈಸೂರಿನಲ್ಲಿ ಪಿಟೀಲು ಕಲಿಸುತ್ತಿದ್ದ ಜಲಜಾಕ್ಷಮ್ಮನಿಗೆ ಖುಷಿಯಾದೀತೆಂದು ಅದನ್ನು ಹುಡುಕಿ ತಂದಿದ್ದರು.

"ಅಜ್ಜಿ ಸೇಸ್ ಹಿಸ್ ಸ್ಟ್ರಿಂಗ್ಸ್ ಆರ್ ಲೂಸ್," ಎಂದಳು ಮಂಜರಿ, ಗಟ್ಟಿಯಾಗಿ.

ಲಿಯಾನ್ ಮುಖ ಅರಳಿತು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಗುರುತಿಸಿರಲಿಲ್ಲವಂತೆ. ತಾತನ ಹೆಂಡತಿಯ ದನಿ ಮೇಲೇರುತ್ತಿರಲಿಲ್ಲ. ಅದಕ್ಕೇ ತಾತ ನಾಲ್ಕೂ ತಂತಿ ಇಳಿಸಿಕೊಂಡು ಅವಳ ಹಾಡಿಗೆ ನುಡಿಸುತ್ತಿದ್ದನಂತೆ. "ಎಂಥ ಕಿವಿ ನಿಮ್ಮದು, ಮ್ಯಾಡಮ್!" ಎಂದು ಅವರು ಇಂಗ್ಲಿಷಿನಲ್ಲಿ ಹೇಳಿ ಕೈ ಮುಗಿದರು. ನಲವತ್ತು ವರ್ಷ ತಾವೂ ಹಾಡುವವರ ಶ್ರುತಿಗೆ ತಂತಿ ಇಳಿಸಿಕೊಂಡು ನುಡಿಸಿದ್ದ ಜಲಜಾಕ್ಷಮ್ಮನಿಗೆ ತಲೆ ಎತ್ತಲಾಗಲಿಲ್ಲ.

ಇಂಗ್ಲಿಷ್ ಅರ್ಥವಾಗುತ್ತಿತ್ತು, ಆದರೆ ಮಾತಾಡಲು ಸಂಕೋಚ. "ಮಂಜು, ಅಜ್ಜಿ ಹೊಗಳಲಿಲ್ಲ, ಆಡಿಕೊಂಡಳು ಅಂತ ಹೇಳಮ್ಮ," ಎಂದರು ಮೆಲ್ಲಗೆ. ಮಗುವಿಗೆ ಗೊತ್ತಿದ್ದ 'ಆಡು' ಒಂದೇ, ಆಟದ್ದು. "ಶಿ ವಾಸ್ ಪ್ಲೇಯಿಂಗ್ ಅಲಾಂಗ್," ಎಂದಿತು.

"ಮನಸ್ಸಿನಲ್ಲೇ ತಾತನ ಜೊತೆ ನುಡಿಸುತ್ತಿದ್ದಿರಾ?" ಲಿಯಾನ್ ಕಣ್ಣು ಒದ್ದೆಯಾಯಿತು. ನಗುತ್ತಾ ಸುಮ್ಮನಿದ್ದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಜಲಜಾಕ್ಷಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ನೋ, ಲಿಯಾನ್. ಐ ಲಾಫ್ಡ್ ಅಟ್ ಹಿಮ್."