ಎಂಟು ಪೆಟ್ಟಿಗೆ ಬಂಗುಡೆ

ಹೇಮಾಕ್ಷಿ ತನ್ನ ಅಂಗಳದ ಪೆಟ್ಟಿಗೆಯ ಮುಚ್ಚಳ ಎತ್ತಿದ್ದೇ ತಡ, ಆನ್ಸಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಗಾಜಿನಡಿಯ ಬಂಗುಡೆ ಒಣಗಿರಲಿಲ್ಲ, ಕೊಳೆತಿತ್ತು. ಕಡಲ ತಡಿಯ ಬೆಂಗ್ರೆಯ ಎಂಟು ಅಂಗಳಗಳಲ್ಲೂ ಬೆಳಗಿನಿಂದ ಇದೇ ನಾತ.

“ಮುಚ್ಚಳ ತೆಗೆದ್ರೆ ಕಾವು ಹೋಗ್ತದೆ, ಎರಡು ದಿನ ಮುಟ್ಟಬೇಡಿ ಅಂದ್ರಿ. ನಾವು ಮುಟ್ಟಲಿಲ್ಲ ಮಾರಾಯ್ರೆ,” ಎಂದಳು ಹೇಮಾಕ್ಷಿ. “ಈಗ ಇದನ್ನು ನಾಯಿಗೂ ಹಾಕುವ ಹಾಗಿಲ್ಲ.”

ಆನ್ಸಿಗೆ ಅಳುವೊಂದೇ ಬಾಕಿ. ಬಿಸಿಲಿನ ಪೆಟ್ಟಿಗೆಯಲ್ಲಿ ಮೀನು ಒಣಗಿಸುವುದೇ ಅವಳ ಸಂಶೋಧನೆ. ಕಳೆದ ಬೇಸಿಗೆಯಲ್ಲಿ ಮೊದಲ ಪೆಟ್ಟಿಗೆ ಇಟ್ಟದ್ದು ಪಕ್ಕದ ಮನೆಯ ಮೋಹಿನಿಯಕ್ಕನ ಅಂಗಳದಲ್ಲಿ. ಒಳಗಿನ ಕಾವನ್ನು ಯಂತ್ರವಿಟ್ಟು ನಿಮಿಷ ನಿಮಿಷಕ್ಕೂ ಅಳೆದು, ಆ ಅಂಕಿಗಳಿಂದಲೇ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿದ್ದಳು. ಪ್ರಯೋಗದ ಗೆರೆಯೂ ಮಾದರಿಯ ಗೆರೆಯೂ ಒಂದರ ಮೇಲೊಂದು ಕೂತ ದಿನ ಹುಡುಗಿಯ ಸಂಭ್ರಮ ಕೇಳಬೇಕೆ? ನೇರ ಬಿಕರ್ನಕಟ್ಟೆಯ ಚರ್ಚಿಗೆ ಹೋಗಿ ಮೊಂಬತ್ತಿ ಹಚ್ಚಿ ಬಂದಿದ್ದಳು. ಅದೇ ಮಾದರಿಯನ್ನು ನಂಬಿ ಈ ಎಂಟು ಪೆಟ್ಟಿಗೆ ಹಂಚಿದ್ದು.

ಆನ್ಸಿ ಅಲ್ಲೇ ಬಂದು ನಿಂತಿದ್ದ ಮೋಹಿನಿಯಕ್ಕನತ್ತ ತಿರುಗಿದಳು. “ಆವಾಗ ನಿಮ್ಮದು ಎಷ್ಟು ಚಂದ ಒಣಗಿತ್ತಲ್ಲ ಅಕ್ಕ? ಈಗ ಎಂತ ಆಯ್ತು ಇದಕ್ಕೆ?”

ಮೋಹಿನಿಯಕ್ಕ ಅವಳ ಮುಖ ನೋಡಲಿಲ್ಲ. “ನಾನು ಗಂಟೆಗೊಮ್ಮೆ ಮುಚ್ಚಳ ತೆಗೆದು ಮೀನು ಮಗುಚಿ ಹಾಕ್ತಿದ್ದೆ ಮಗಾ. ನೀನು ನೆರಳಿಗೆ ಹೋಗುವುದನ್ನೇ ಕಾಯ್ತಿದ್ದೆ.”

“ಅಯ್ಯೋ, ತೆಗೆಯಬೇಡಿ ಅಂತ ಹೇಳಿದ್ದೆನಲ್ಲ!”

“ಗಾಜೆಲ್ಲ ಬೆವರ್ತಿತ್ತು. ಬಿಟ್ಟರೆ ಮೀನು ಹಾಳಾಗ್ತದೆ, ನೀನು ಫೇಲ್ ಆಗ್ತೀಯ ಅಂತ ಹೆದರಿಕೆ ಆಯ್ತು. ಹೇಳಿದ್ರೆ ನಿನಗೆ ಬೇಜಾರು. ತಪ್ಪಾಯ್ತು. ಇವರ ಮೀನು ಹೋದದ್ದು ನನ್ನಿಂದ.”

ಹೇಮಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ಆನ್ಸಿ ಕೈ ಅಡ್ಡ ಹಿಡಿದಳು. “ಅವರಿಗೆ ಬೈಯಬೇಡಿ.”

ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಕಳೆದ ಬೇಸಿಗೆಯ ಮೂಲ ಅಳತೆ ಇನ್ನೂ ಹಾಗೇ ಇತ್ತು. ಹನ್ನೊಂದಕ್ಕೆ ಕಾವು ಸರ್ರನೆ ಇಳಿದಿತ್ತು. ಹನ್ನೆರಡಕ್ಕೆ ಮತ್ತೆ. ಒಂದಕ್ಕೆ, ಎರಡಕ್ಕೆ, ಸಂಜೆಯ ತನಕ. ಮೋಹಿನಿಯಕ್ಕ ಮುಚ್ಚಳ ಎತ್ತಿದ್ದು ಒಂದು ಸಲವೂ ತಪ್ಪದೆ ದಾಖಲಾಗಿತ್ತು.

ಆನ್ಸಿ ಆ ಇಳಿತಗಳನ್ನು ಅಂದೇ ನೋಡಿದ್ದಳು. ಯಂತ್ರದ ದೋಷ ಎಂದುಕೊಂಡು, ಯಾರನ್ನೂ ಕೇಳದೆ, ಗೆರೆ ಚಂದ ಕಾಣಲೆಂದು ಒಂದೊಂದನ್ನೂ ಕೈಯಾರೆ ತೆಗೆದುಹಾಕಿದ್ದಳು.